ತಾಳೆಗರಿ, ಕಡತ, ಹಳೆಯ ಪುಸ್ತಕ: ಜಾತ್ರೆಯಲ್ಲಿ ಪ್ರದರ್ಶನಕ್ಕೆ ಇಡಬಹುದಾ?

ಪ್ರಶ್ನೆ: ನಮ್ಮದು ಶಿರಸಿಯ ಒಂದು ಹಳೆಯ ವಾಚನಾಲಯ. 7 ತಾಳೆಗರಿ ಕಟ್ಟು, ಒಂದು ಕಪ್ಪು ಬಟ್ಟೆಯ ಕಡತ, ಕೈಬರಹದ ಕೆಲವು ಯಕ್ಷಗಾನ ಪ್ರಸಂಗ, 30ರಷ್ಟು ಹಳೆಯ ಅಚ್ಚಿನ ಪುಸ್ತಕ ನಮ್ಮಲ್ಲಿವೆ. ಬ್ರಿಟಿಷರ ಕಾಲದ ಜಿಲ್ಲಾ ವಿವರಗಳ ಪುಸ್ತಕ, 1883ರ ಕೆನರಾ ಗ್ಯಾಝೆಟಿಯರ್ ಕೂಡ ಇದೆ. ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಜಾತ್ರೆ ಪೇಟೆಯಲ್ಲೇ ಮಳಿಗೆ ಹಿಡಿದು ಎಲ್ಲವನ್ನೂ ಜನರಿಗೆ ತೋರಿಸಬೇಕು ಅಂತ ಕಮಿಟಿಯವರ ಆಸೆ. ಗಾಜಿನ ಪೆಟ್ಟಿಗೆ ಮಾಡಲು ಬಡಗಿಗೆ ಹೇಳಿದ್ದೇವೆ. ಹಾಳಾಗದ ಹಾಗೆ ಹೇಗೆ ಇಡುವುದು? ಗರಿಗಳಿಗೆ ಎಣ್ಣೆ, ಮಸಿ ಹಚ್ಚಿ ಅಕ್ಷರ ಎದ್ದು ಕಾಣುವ ಹಾಗೆ ಮಾಡಬಹುದಾ? ಕೈಗವಸು ಹಾಕಬೇಕಾ? ಸರ್ಕಾರದ ಪರವಾನಗಿ ಬೇಕಾ?

ಉತ್ತರ: ಕಮಿಟಿಯವರಿಗೆ ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ತೋರಿಸಿ, ಖಂಡಿತ ತೋರಿಸಿ. ಆದರೆ ಪೇಟೆಯ ಮಳಿಗೆಯಲ್ಲಿ ಬೇಡ. ಎಲ್ಲವನ್ನೂ ಇಡುವುದೂ ಬೇಡ. ವಾಚನಾಲಯದ ಒಳಕೋಣೆಯಲ್ಲಿ ನಾಲ್ಕೇ ನಾಲ್ಕು ವಸ್ತು ಇಡಿ. ಜನರನ್ನು ಅಲ್ಲಿಗೆ ಕರೆಯಿರಿ.

ಮಳಿಗೆ ಯಾಕೆ ಬೇಡ ಅಂದರೆ, ಜಾತ್ರೆ ನಡೆಯುವ ಬಿಡ್ಕಿಬೈಲಿನ ಸುತ್ತ ಆ ದಿನಗಳಲ್ಲಿ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಮಧ್ಯಾಹ್ನ ತಗಡಿನ ಮಾಡಿನ ಕೆಳಗೆ ಕೂರಲಾಗುವುದಿಲ್ಲ. ಬೆಳಗಿನ ಜಾವ ಇಬ್ಬನಿ ಬಿದ್ದು ಬಟ್ಟೆಯೆಲ್ಲ ತಣ್ಣಗಾಗಿರುತ್ತದೆ. ನಡುವೆ ಧೂಳು, ಪಕ್ಕದ ಅಂಗಡಿಯ ಭಜಿ ಎಣ್ಣೆಯ ಹೊಗೆ, ಜನರೇಟರ್ ಹೊಗೆ. ಒಂದೇ ದಿನದಲ್ಲಿ ಬಿಸಿ, ತಂಪು, ಒಣ, ತೇವ ಎಲ್ಲ ಆಗಿಹೋಗುತ್ತದೆ. ತಾಳೆಗರಿಗೆ ಮತ್ತು ಹಳೆಯ ಕಾಗದಕ್ಕೆ ಈ ಏರಿಳಿತವೇ ದೊಡ್ಡ ಶತ್ರು. ತೇವ ಬಂದಾಗ ಹಿಗ್ಗುತ್ತವೆ, ಒಣಗಿದಾಗ ಕುಗ್ಗುತ್ತವೆ. ಹತ್ತಾರು ಸಲ ಹೀಗಾದರೆ ಗರಿ ನಾರಿನ ಉದ್ದಕ್ಕೆ ಸೀಳುತ್ತದೆ.

ಮಳಿಗೆಯಲ್ಲಾದರೆ ಜಾಸ್ತಿ ಜನ ನೋಡುತ್ತಾರೆ ಎನ್ನುವ ವಾದ ಬರಬಹುದು. ಲೆಕ್ಕ ಹಾಕಿ ನೋಡಿ. ವಾಚನಾಲಯದ ಕೋಣೆಗೆ ಒಂದು ಸಲಕ್ಕೆ 15 ಜನ, 10 ನಿಮಿಷ. ಗಂಟೆಗೆ 6 ತಂಡ. ದಿನಕ್ಕೆ 8 ಗಂಟೆ ತೆರೆದರೆ 720 ಜನ. 9 ದಿನದ ಜಾತ್ರೆಗೆ 6,480 ಜನ. ಇಷ್ಟೂ ಜನ ಹತ್ತು ನಿಮಿಷ ನಿಂತು, ಕೇಳಿ, ನೋಡಿ ಹೋಗುತ್ತಾರೆ. ಸುಮ್ನೆ ಮಳಿಗೆ ಮುಂದೆ ಹಾದುಹೋಗುವ ಐವತ್ತು ಸಾವಿರಕ್ಕಿಂತ ನನಗೆ ಈ ಆರು ಸಾವಿರವೇ ಹೆಚ್ಚು. 15ಕ್ಕಿಂತ ಜಾಸ್ತಿ ಬಿಡಬೇಡಿ. ಚಿಕ್ಕ ಕೋಣೆಯಲ್ಲಿ ಜನರ ಉಸಿರು, ಬೆವರಿನಿಂದಲೇ ತೇವ ಏರುತ್ತದೆ.

ಕಾಲ ಮಾತ್ರ ನೀವು ಸರಿಯಾಗಿ ಆರಿಸಿದ್ದೀರಿ. ಜಾತ್ರೆ ಬರುವುದು ಫೆಬ್ರವರಿ, ಮಾರ್ಚ್ ಹೊತ್ತಿಗೆ. ನಮ್ಮ ಜಿಲ್ಲೆಯಲ್ಲಿ ಹಳೆಯ ಪುಸ್ತಕ ಹೊರಗೆ ತೆಗೆಯಲು ಡಿಸೆಂಬರಿನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಕಾಗದಕ್ಕೂ ಗರಿಗೂ ಗಾಳಿಯ ತೇವ ಶೇಕಡಾ 45ರಿಂದ 55ರ ಒಳಗೆ ಇದ್ದರೆ ಹಿತ. 65 ದಾಟಿತು ಅಂದರೆ ಬೂಷ್ಟು ಏಳುವ ಅಪಾಯ ಶುರು. ಮಳೆಗಾಲದಲ್ಲಿ ಕಾರವಾರ, ಹೊನ್ನಾವರದ ಕಡೆ 85, 90 ಅನ್ನುವುದು ದಿನದ ಮಾತು. ಅಡಿಕೆ ಒಣಗಿಸುವ ಊರಿನವರಿಗೆ ತೇವ ಏನು ಮಾಡುತ್ತದೆ ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ?

ನನ್ನ ಅನುಭವವೊಂದನ್ನು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಕರಾವಳಿಯ ಒಂದು ಊರಲ್ಲಿ ಆಗಸ್ಟ್ ತಿಂಗಳಲ್ಲಿ ಪ್ರದರ್ಶನ ಇಟ್ಟಿದ್ದರು. ಹಾಲ್‌ಗೆ ಏಸಿ ಇದೆ, ತೊಂದರೆ ಆಗುವುದಿಲ್ಲ ಅಂದರು. ನಾನೂ ಒಪ್ಪಿದೆ. ಒಪ್ಪಬಾರದಿತ್ತು. ಹಗಲೆಲ್ಲ ಏಸಿ ಓಡುತ್ತಿತ್ತು. ಸಂಜೆ ಬಾಗಿಲು ಹಾಕುವಾಗ ಆರಿಸಿ ಹೋಗುತ್ತಿದ್ದರು. ಮೂರನೇ ದಿನ ಬೆಳಿಗ್ಗೆ ಎಂಟಕ್ಕೆ ಹೋಗಿ ನೋಡಿದರೆ ಗಾಜಿನ ಒಳಮೈಗೆ ಸಣ್ಣ ಸಣ್ಣ ಹನಿ ಕಟ್ಟಿತ್ತು. ರಾತ್ರಿ ಹೊರಗಿನ ಹಸಿ ಗಾಳಿ ಒಳಗೆ ನುಗ್ಗಿದೆ, ತಣ್ಣಗಿದ್ದ ಗಾಜಿಗೆ ತಾಗಿ ನೀರಾಗಿದೆ. ಒಳಗಿದ್ದ ಗರಿಯ ಎರಡೂ ತುದಿ ಹಸಿ ಹಪ್ಪಳದ ಹಾಗೆ ಮೇಲೆದ್ದಿದ್ದವು. ಅದನ್ನು ತೆಗೆದು, ಎರಡು ಹಲಗೆ ನಡುವೆ ಹತ್ತಿ ಬಟ್ಟೆ ಹಾಕಿ, ಸ್ವಲ್ಪ ಸ್ವಲ್ಪವೇ ಭಾರ ಇಟ್ಟು ಮೊದಲಿನ ಹಾಗೆ ಮಾಡಲು ಒಂದು ತಿಂಗಳು ಹಿಡಿಯಿತು. ಒಂದು ಅಂಚು ಕೊನೆಗೂ ಸೀಳಿತು. ಆವತ್ತಿನಿಂದ ಜೂನ್‌ನಿಂದ ಅಕ್ಟೋಬರ್‌ವರೆಗೆ ನಾನು ಯಾವ ಪ್ರದರ್ಶನಕ್ಕೂ ಹೂಂ ಅನ್ನುವುದಿಲ್ಲ. ದಿನದ 24 ಗಂಟೆ ಓಡದ ಏಸಿಗಿಂತ ಏಸಿಯೇ ಇಲ್ಲದ, ದಪ್ಪ ಗೋಡೆಯ, ಹಂಚಿನ ಮಾಡಿನ ಕೋಣೆ ಒಳ್ಳೆಯದು.

ತೇವ ಅಳೆಯುವ ಸಣ್ಣ ಡಿಜಿಟಲ್ ಮೀಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಎರಡು ತರಿಸಿ. ಒಂದು ಕೋಣೆಗೆ, ಒಂದು ಪೆಟ್ಟಿಗೆಯೊಳಗೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬರೆದಿಡಿ. ಜಾತ್ರೆಗೆ ಒಂದು ತಿಂಗಳು ಮೊದಲೇ ಬರೆಯಲು ಶುರು ಮಾಡಿದರೆ ನಿಮ್ಮ ಕೋಣೆಯ ಗುಣ ನಿಮಗೇ ತಿಳಿಯುತ್ತದೆ. ಔಷಧಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ತುಂಬಿಸಿಡಿ ಅಂತ ಯಾರಾದರೂ ಹೇಳಬಹುದು. ಮಾರ್ಚ್ ತಿಂಗಳಲ್ಲಿ ಅದು ಬೇಡ. ಪೂರ್ತಿ ಒಣಗಿದ ಜೆಲ್ ಗಾಳಿಯನ್ನು ಅತಿಯಾಗಿ ಒಣಗಿಸಿ ಗರಿಯನ್ನು ಪೆಡಸು ಮಾಡುತ್ತದೆ.

ಇನ್ನು ಬೆಳಕು. ಕಾಗದ, ಗರಿ, ಬಟ್ಟೆಗೆ ಪ್ರಪಂಚದ ಎಲ್ಲ ಗ್ರಂಥಾಲಯಗಳೂ ಸಾಮಾನ್ಯವಾಗಿ ಒಪ್ಪುವ ಮಿತಿ 50 ಲಕ್ಸ್. ಲಕ್ಸ್ ಅಂದರೆ ವಸ್ತುವಿನ ಮೇಲೆ ಬೀಳುವ ಬೆಳಕಿನ ಅಳತೆ. ಟ್ಯೂಬ್‌ಲೈಟ್ ಹಾಕಿದ ಆಫೀಸಿನ ಮೇಜಿನ ಮೇಲೆ 300ರಿಂದ 500 ಲಕ್ಸ್ ಇರುತ್ತದೆ. ಅಂಗಳದ ಬಿಸಿಲಿನಲ್ಲಿ ಲಕ್ಷದ ಹತ್ತಿರ. ಬೆಳಕಿನ ಹಾನಿ ಸಾಲದ ಬಡ್ಡಿ ಹಾಗೆ ಕೂಡುತ್ತಾ ಹೋಗುತ್ತದೆ, ತೀರಿಸಲು ಮಾತ್ರ ಬರುವುದಿಲ್ಲ. 50 ಲಕ್ಸ್‌ನಲ್ಲಿ ದಿನಕ್ಕೆ 8 ಗಂಟೆಯಂತೆ 9 ದಿನ ಇಟ್ಟರೆ 3,600 ಲಕ್ಸ್ ಗಂಟೆ. ಅದೇ ಪುಟವನ್ನು 500 ಲಕ್ಸ್‌ನಲ್ಲಿ 9 ದಿನ ಇಟ್ಟರೆ 36,000. ಅಂದರೆ ಒಳ್ಳೆಯ ಬೆಳಕಿನಲ್ಲಿ 90 ದಿನ ತೋರಿಸಬಹುದಾಗಿದ್ದ ಪುಟವನ್ನು ಒಂದೇ ಜಾತ್ರೆಯಲ್ಲಿ ಖರ್ಚು ಮಾಡಿದ ಹಾಗೆ. ಫೋನಿನ ಲಕ್ಸ್ ಆ್ಯಪ್ ಅಷ್ಟು ನಿಖರ ಅಲ್ಲ. ಆದರೂ 50ಕ್ಕೂ 500ಕ್ಕೂ ಇರುವ ವ್ಯತ್ಯಾಸ ಅದರಲ್ಲೂ ಕಾಣುತ್ತದೆ.

ಪೆಟ್ಟಿಗೆಯ ಒಳಗೆ ದೀಪ ಇಡಲೇಬೇಡಿ, ಒಳಗೆಲ್ಲ ಬಿಸಿಯಾಗುತ್ತದೆ. ಟ್ಯೂಬ್‌ಲೈಟ್ ಆರಿಸಿ, ಹೊರಗಿನಿಂದ ಸಣ್ಣ ಎಲ್‌ಇಡಿ ದೀಪ ಹಾಕಿ. ಕಿಟಕಿಗೆ ದಪ್ಪ ಪರದೆ ಇರಲಿ. 50 ಲಕ್ಸ್ ಅಂದರೆ ಮಂದ ಬೆಳಕು, ಹಿರಿಯರಿಗೆ ಕಾಣುವುದಿಲ್ಲ ಅನ್ನುತ್ತಾರೆ. ಇದಕ್ಕೆ ಉಪಾಯ ಇದೆ. ಕೋಣೆಗೆ ಬರುವ ಮೊದಲಿನ ಜಗುಲಿಯನ್ನೂ ಸ್ವಲ್ಪ ಕತ್ತಲು ಮಾಡಿ, ಅಲ್ಲಿ ಐದು ನಿಮಿಷ ಕೂರಿಸಿ ಮಾತಾಡಿ. ಅಷ್ಟರಲ್ಲಿ ಕಣ್ಣು ಹೊಂದಿಕೊಳ್ಳುತ್ತದೆ. ಬಿಸಿಲಿನಿಂದ ಸೀದಾ ಒಳಗೆ ಬಂದವರಿಗೆ 200 ಲಕ್ಸ್ ಇಟ್ಟರೂ ಕತ್ತಲೇ.

ಬಡಗಿಗೆ ಇವತ್ತೇ ಫೋನ್ ಮಾಡಿ. ಹೊಸ ಪ್ಲೈವುಡ್, ಅದಕ್ಕೆ ಹಾಕುವ ಗೋಂದು, ಎನಾಮೆಲ್ ಪೇಂಟ್ ಇವೆಲ್ಲ ತಿಂಗಳುಗಟ್ಟಲೆ ಆಮ್ಲದ ಆವಿ ಬಿಡುತ್ತವೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಹೊರಗೆ ಹೋಗದೆ ಪುಸ್ತಕಕ್ಕೇ ತಾಗುತ್ತದೆ. ಬ್ರಿಟಿಷ್ ಮ್ಯೂಸಿಯಂನಲ್ಲಿ 1973ರಲ್ಲಿ ಆ್ಯಂಡ್ರೂ ಆಡಿ ಎನ್ನುವವರು ಇದಕ್ಕೆ ಒಂದು ಪರೀಕ್ಷೆ ಕಂಡುಹಿಡಿದರು. ಪೆಟ್ಟಿಗೆಗೆ ಬಳಸುವ ಸಾಮಾನಿನ ಚೂರನ್ನು ಬೆಳ್ಳಿ, ತಾಮ್ರ, ಸೀಸದ ತುಂಡಿನ ಜೊತೆ ಮುಚ್ಚಿದ ಗಾಜಿನ ಕೊಳವೆಯಲ್ಲಿ ಸ್ವಲ್ಪ ನೀರಿಟ್ಟು 60 ಡಿಗ್ರಿಯಲ್ಲಿ 28 ದಿನ ಇಡುವುದು. ಲೋಹ ಕಪ್ಪಾಗಿದ್ದರೆ, ತುಕ್ಕು ಹಿಡಿದಿದ್ದರೆ ಆ ಸಾಮಾನು ಬೇಡ. ನಮಗೆ ಅಷ್ಟೆಲ್ಲ ಸಾಧ್ಯ ಇಲ್ಲ. ಮೂಗು ಇದೆಯಲ್ಲ. ಪೆಟ್ಟಿಗೆಯನ್ನು ಎರಡು ದಿನ ಮುಚ್ಚಿಟ್ಟು ತೆಗೆದಾಗ ವಾಸನೆ ಬಂದರೆ ಅದರಲ್ಲಿ ಪುಸ್ತಕ ಇಡಬೇಡಿ. ಇದಕ್ಕಿಂತ ಸುಲಭ ದಾರಿ, ಕಿಟಕಿ ಮಾಡುವ ಅಲ್ಯೂಮಿನಿಯಂ ಅಂಗಡಿಯವರಿಂದ ಅಲ್ಯೂಮಿನಿಯಂ ಚೌಕಟ್ಟು, ಗಾಜು ಮಾತ್ರ ಹಾಕಿಸಿ ಮಾಡಿಸುವುದು. ಸಂದಿಗೆ ಹಾಕುವ ಸಿಲಿಕಾನ್‌ನಲ್ಲಿ ಎರಡು ಬಗೆ. ವಿನೆಗರ್ ವಾಸನೆ ಹೊಡೆಯುವುದು ಬೇಡ, ನ್ಯೂಟ್ರಲ್ ಕೊಡಿ ಅಂತ ಕೇಳಿ. ಪೆಟ್ಟಿಗೆಗೆ ಬೀಗ ಇರಲಿ. ಒಳಗೆ ನುಸಿಗುಳಿಗೆ ಬೇಡ.

ಈಗ ಮುಖ್ಯ ವಿಷಯಕ್ಕೆ ಬರೋಣ. ಏನು ಇಡುವುದು?

ಪ್ರದರ್ಶನದಲ್ಲಿ ನಾವು ಇಡೀ ಪುಸ್ತಕ ತೋರಿಸುತ್ತೇವೆ ಅಂದುಕೊಳ್ಳುತ್ತೇವೆ. ನಿಜವಾಗಿ ಜನ ನೋಡುವುದು ಒಂದೇ ತೆರೆದ ಪುಟ, ಒಂದೇ ಗರಿ. 7 ಕಟ್ಟನ್ನೂ ಸಾಲಾಗಿ ಇಟ್ಟರೆ ನೋಡುವವರಿಗೆ 7 ಸಲ ಒಂದೇ ವಸ್ತು ಕಂಡ ಹಾಗೆ. ‘ಓಹೋ, ತಾಳೆಗರಿ’ ಅಂದು ಮುಂದೆ ಹೋಗುತ್ತಾರೆ. ಅದಕ್ಕೇ ನಾಲ್ಕು ಅಂದೆ. ಒಂದು ಗರಿ, ಕಡತದ ಒಂದು ಮಡಿಕೆ, ಪ್ರಸಂಗದ ಒಂದು ಪುಟ, ಗ್ಯಾಝೆಟಿಯರಿನ ಒಂದು ಪುಟ.

ಗರಿಯನ್ನು ಆರಿಸುವ ಮೊದಲು ಓದಿಸಿ. ಇದು ಬಹಳ ಮುಖ್ಯ. ನಿಮ್ಮ ಕಡೆಯ ಹವ್ಯಕರ ಮನೆಗಳಿಂದ ಬಂದ ಸಂಸ್ಕೃತದ ಕಟ್ಟುಗಳು ಹೆಚ್ಚಾಗಿ ತಿಗಳಾರಿ ಲಿಪಿಯಲ್ಲಿರುತ್ತವೆ. ನೋಡಲು ಮಲಯಾಳಂ ಹಾಗಿರುವುದರಿಂದ ಎಷ್ಟೋ ಕಡೆ ‘ಮಲಯಾಳಂ ಗ್ರಂಥ’ ಅಂತ ಚೀಟಿ ಅಂಟಿಸಿರುತ್ತಾರೆ. ಮಾಧ್ವರ ಮನೆ, ಮಠದ ಕಡೆಯದಾದರೆ ದೇವನಾಗರಿಯ ಬಳಗದ ನಂದಿನಾಗರಿ ಲಿಪಿ ಇರಬಹುದು. ಪ್ರಸಂಗ, ಮನೆ ಲೆಕ್ಕ, ವೈದ್ಯ ಇವು ಕನ್ನಡದಲ್ಲೇ ಇರುವುದು ಜಾಸ್ತಿ. ಓದದೆ ಇಟ್ಟ ಕಟ್ಟಿನಲ್ಲಿ ಏನಿದೆ ಅಂತ ಯಾರಿಗೆ ಗೊತ್ತು? ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ 1905ರ ಸುಮಾರಿಗೆ ತಂಜಾವೂರು ಕಡೆಯ ಒಬ್ಬ ಪಂಡಿತರು ‘ಗ್ರಂಥ’ ಎನ್ನುವ ಲಿಪಿಯ ಒಂದು ಕಟ್ಟು ಕೊಟ್ಟು ಹೋದರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಕೂತು ಓದಿದ್ದರಿಂದ ಅದು ಕೌಟಿಲ್ಯನ ಅರ್ಥಶಾಸ್ತ್ರ ಅಂತ ತಿಳಿಯಿತು. 1909ರಲ್ಲಿ ಅಚ್ಚಾಯಿತು. ಅಲ್ಲಿಯವರೆಗೆ ಆ ಗ್ರಂಥದ ಹೆಸರು, ಅಲ್ಲಲ್ಲಿ ಉದಾಹರಿಸಿದ ಸಾಲು ಮಾತ್ರ ಗೊತ್ತಿತ್ತು. ನಿಮ್ಮ ಕಟ್ಟಿನಲ್ಲಿ ಅಂಥದ್ದೇ ಇದೆ ಅಂತಲ್ಲ. ಬರೀ ಕಷಾಯದ ಪಟ್ಟಿ ಇದ್ದರೂ ಅದು ಏನು ಅಂತ ಗೊತ್ತಿರಬೇಕು.

ಸಾಧ್ಯವಾದರೆ ಕೊನೆಯ ಗರಿ ಇಡಿ. ಅಲ್ಲಿ ಬರೆದವನು ತನ್ನ ಹೆಸರು, ಊರು, ತಿಥಿ ಹೇಳಿರುತ್ತಾನೆ. ಕೆಲವು ಕಡೆ ಒಂದು ಶ್ಲೋಕವೂ ಇರುತ್ತದೆ. ಬೆನ್ನು, ಸೊಂಟ, ಕತ್ತು ಮುರಿದುಹೋಯಿತು, ಕಣ್ಣು ನೆಟ್ಟಿತು, ತಲೆ ತಗ್ಗಿಸಿ ಕಷ್ಟಪಟ್ಟು ಬರೆದಿದ್ದೇನೆ, ಜೋಪಾನ ಮಾಡಿ ಅಂತ. ಮೊದಲ ಸಲ ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಗರಿಯನ್ನು ಕೆಳಗಿಡಲಿಲ್ಲ. ಜಾತ್ರೆಗೆ ಬಂದ ಅಜ್ಜಿಗೂ, ಶಾಲೆ ಹುಡುಗನಿಗೂ ಈ ಮಾತು ಅರ್ಥವಾಗುತ್ತದೆ. ಯಾವ ದೊಡ್ಡ ಕಾವ್ಯದ ನಡುವಿನ ಗರಿಗಿಂತ ಇದು ಬೇಗ ತಾಗುತ್ತದೆ.

ಇಸವಿ ಬರೆಯುವಾಗ ಎಚ್ಚರ. ಶಕ ವರ್ಷ ಕೊಟ್ಟಿದ್ದರೆ 78 ಕೂಡಿಸಿ. ಬರೀ ಸಂವತ್ಸರದ ಹೆಸರಿದ್ದರೆ ಅದು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ, ಅಷ್ಟರಿಂದ ಇಸವಿ ಹೇಳಲಾಗದು. ‘ಸಾವಿರ ವರ್ಷ ಹಳೆಯದು’ ಅಂತ ಬೋರ್ಡ್ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ದಯವಿಟ್ಟು ಬೇಡ. ಮೂಡುಬಿದಿರೆಯಲ್ಲಿರುವ ಧವಲ ಎನ್ನುವ ಜೈನ ಗ್ರಂಥಗಳ ಹಾಗೆ 12ನೇ ಶತಮಾನದಿಂದ ಉಳಿದು ಬಂದ ಗರಿಗಳು ಬಹಳ ಅಪರೂಪ. ನಮ್ಮ ಕಡೆ ಮನೆಗಳಲ್ಲಿ ಸಿಗುವ ಬಹುಪಾಲು ಕಟ್ಟುಗಳು 200, 300 ವರ್ಷದ ಒಳಗಿನವು. ನಮ್ಮ ಮಳೆ, ಒರಲೆ, ಬೆಳ್ಳಿಹುಳ ಎಲ್ಲ ದಾಟಿ 200 ವರ್ಷ ಉಳಿದಿದೆ ಅಂದರೆ ಅದೇನು ಕಡಿಮೆಯಾ? ಅಡಿಗೆಮನೆಯ ಅಟ್ಟದ ಮೇಲೆ ಒಲೆಯ ಹೊಗೆಗೆ ಒಣಗುತ್ತಾ, ವರ್ಷಕ್ಕೊಮ್ಮೆ ಬಿಚ್ಚಿ ಒರೆಸಿಕೊಳ್ಳುತ್ತಾ ಉಳಿದವು ಅವು. ಆ ಕತೆಯನ್ನೇ ಬರೆಯಿರಿ.

ಎಣ್ಣೆ, ಮಸಿ ಬಗ್ಗೆ ಕೇಳಿದ್ದೀರಿ. ಪ್ರದರ್ಶನಕ್ಕಾಗಿ ಹಚ್ಚಬೇಡಿ. ಗರಿಯ ಮೇಲೆ ಕಂಟ ಎನ್ನುವ ಕಬ್ಬಿಣದ ಮೊನೆಯಿಂದ ಕೊರೆದು, ಆಮೇಲೆ ಕಾಡಿಗೆ ಉಜ್ಜುವುದು ಹಳೆಯ ಪದ್ಧತಿ, ನಿಜ. ಲೆಮನ್‌ಗ್ರಾಸ್ ಅಥವಾ ಸಿಟ್ರೊನೆಲ್ಲಾ ಎಣ್ಣೆ ಒರೆಸಿ ಗರಿ ಮೃದು ಮಾಡುವುದೂ ಇದೆ. ಆದರೆ ಅದನ್ನು ಕಲಿತವರು, ಮೊದಲು ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಿ, ಸಾವಕಾಶ ಮಾಡಬೇಕು. ಗಡಿಬಿಡಿಯಲ್ಲಿ ಉಜ್ಜಿದರೆ ಬಿರುಕಿಗೆಲ್ಲ ಮಸಿ ಕೂತು ಯಾವುದು ಅಕ್ಷರ, ಯಾವುದು ಗೀರು ಗೊತ್ತಾಗುವುದಿಲ್ಲ. ಅಕ್ಷರ ಕಾಣಬೇಕು ಅಂದರೆ ದೀಪದ ಜಾಗ ಬದಲಿಸಿ. ಎಲ್‌ಇಡಿಯನ್ನು ಮೇಲಿನಿಂದ ಬಿಡುವ ಬದಲು ಪಕ್ಕದಿಂದ, ಗರಿಯ ಮಟ್ಟಕ್ಕೆ ಹತ್ತಿರ, ಓರೆಯಾಗಿ ಬಿಡಿ. ಸಂಜೆ ಬಿಸಿಲಿಗೆ ಗದ್ದೆಯ ಸಾಲು ಎದ್ದು ಕಾಣುವ ಹಾಗೆ ಕೊರೆದ ಗೆರೆಗಳಲ್ಲಿ ನೆರಳು ಬೀಳುತ್ತದೆ. ಖಾಲಿ ಅಂದುಕೊಂಡಿದ್ದ ಗರಿಯ ಮೇಲೆ ಸಾಲು ಸಾಲು ಅಕ್ಷರ ಏಳುತ್ತವೆ. ಒಂದು ಹನಿ ಎಣ್ಣೆ ಬೇಡ. ಮಕ್ಕಳ ಮುಂದೆ ದೀಪವನ್ನು ಮೇಲಿಂದ ಪಕ್ಕಕ್ಕೆ ತಂದು ತೋರಿಸಿ, ಅವರ ಮುಖ ನೋಡಿ.

ಗರಿಯನ್ನು ಸ್ವಲ್ಪ ಇಳಿಜಾರಿನ ಹಲಗೆ ಮೇಲೆ, ಚೆನ್ನಾಗಿ ಒಗೆದು ಗಂಜಿ ತೆಗೆದ ಬಿಳಿ ಹತ್ತಿ ಬಟ್ಟೆ ಹಾಸಿ ಮಲಗಿಸಿ. ನಿಲ್ಲಿಸಬೇಡಿ. ದಾರದಿಂದ ಎಳೆದು ಕಟ್ಟಬೇಡಿ. ಪಾಲಿಯೆಸ್ಟರ್ ಹಾಳೆಯ ಸಣ್ಣ ಪಟ್ಟಿ ಎರಡು ಕಡೆ ಸಡಿಲವಾಗಿ ಹಿಡಿದರೆ ಸಾಕು. ಪಕ್ಕದಲ್ಲಿ ಉಳಿದ ಕಟ್ಟು, ಅದರ ಹಲಗೆಗಳ ಸಮೇತ ಮುಚ್ಚಿಯೇ ಇರಲಿ. ಕೆಂಪು ವಸ್ತ್ರದಲ್ಲಿ ಸುತ್ತುವುದಾದರೆ ಬಣ್ಣ ಬಿಡುವುದು ನಿಲ್ಲುವವರೆಗೆ ಒಗೆದ ಮೇಲೆ ಸುತ್ತಿ.

ಕಡತ ನಿಮ್ಮ ಸಂಗ್ರಹದ ರತ್ನ. ಕಮಿಟಿಯವರಿಗೆ ಇದು ಗೊತ್ತಿದೆಯೋ ಇಲ್ಲವೋ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಚಿ, ಬಳಪದಿಂದ ಬರೆಯುತ್ತಿದ್ದರು. ಅಂಗಡಿ ಲೆಕ್ಕ, ದೇವಸ್ಥಾನದ ಲೆಕ್ಕ, ಗೇಣಿ ಲೆಕ್ಕ ಎಲ್ಲ ಇದರಲ್ಲಿ. ಬೇಡವಾದಾಗ ಅಳಿಸಿ, ಮತ್ತೆ ಮಸಿ ಬಳಿದು ಬರೆಯಬಹುದು. ಅಳಿಸಲು ಅಂತಲೇ ಮಾಡಿದ ಪುಸ್ತಕ ಅದು ಅನ್ನುವುದನ್ನು ಮರೆಯಬೇಡಿ. ಒಮ್ಮೆ ನಾನು ನಿಂತಿದ್ದಾಗಲೇ ಒಬ್ಬ ಹುಡುಗ, ಒಳ್ಳೆಯ ಮನಸ್ಸಿನಿಂದಲೇ, ಪೆಟ್ಟಿಗೆಗೆ ಇಡುವ ಮೊದಲು ಧೂಳು ಅಂದುಕೊಂಡು ಕೈವಸ್ತ್ರದಿಂದ ಒರೆಸಿದ. ಒಂದೇ ಸಲ. ಕೈವಸ್ತ್ರ ಬೆಳ್ಳಗಾಯಿತು, ಮೂರು ಸಾಲು ಹೋಯಿತು. ಆ ಮೂರು ಸಾಲಿನಲ್ಲಿ ಯಾರ ಹೆಸರಿತ್ತು, ಎಷ್ಟು ಅಕ್ಕಿ ಕೊಟ್ಟಿದ್ದರು, ಇನ್ನು ಯಾರೂ ಹೇಳಲಾರರು. ಫೋಟೊ ತೆಗೆದಿರಲಿಲ್ಲ. ಆ ಹುಡುಗನಿಗೆ ಹೇಳಿಕೊಡದೇ ಇದ್ದದ್ದು ನನ್ನ ತಪ್ಪು. ಹಾಗಾಗಿ ಕಡತವನ್ನು ಮುಟ್ಟುವ ಮೊದಲು ಪ್ರತಿ ಮಡಿಕೆಯ ಫೋಟೊ ತೆಗೆಯಿರಿ. ಒಂದು ಮಡಿಕೆ ಮಾತ್ರ ತೆರೆದು, ಮೇಲೆ ಏನೂ ತಾಗದ ಹಾಗೆ, ಗಾಜಿಗೂ ಅದಕ್ಕೂ ನಾಲ್ಕು ಬೆರಳು ಅಂತರ ಬಿಟ್ಟು ಇಡಿ. ಪಟ್ಟಿ ಬೇಡ, ಬ್ರಷ್ ಬೇಡ, ಊದುವುದೂ ಬೇಡ.

ಪ್ರಸಂಗದ ಕೈಬರಹದಲ್ಲಿ ಶಾಯಿ ನೋಡಿ. ಅಣಲೆಕಾಯಿ, ಅನ್ನಭೇದಿ ಹಾಕಿ ಮಾಡಿದ ಶಾಯಿಯಾದರೆ ಈಗ ಕಂದಾಗಿರುತ್ತದೆ, ಕೆಲವು ಕಡೆ ಅಕ್ಷರ ಇದ್ದ ಜಾಗದಲ್ಲಿ ಕಾಗದವೇ ತೂತಾಗಿರುತ್ತದೆ. ಕಬ್ಬಿಣದ ಅಂಶ ಕಾಗದವನ್ನು ತಿನ್ನುತ್ತದೆ, ತೇವ ಇದ್ದರೆ ಇನ್ನೂ ಬೇಗ. ಅಂಥ ಪುಟ ತೆರೆಯಬೇಡಿ, ಗಟ್ಟಿ ಇರುವ ಪುಟ ಆರಿಸಿ. ಕಾಡಿಗೆ ಶಾಯಿ ಕಪ್ಪಗೇ ಉಳಿದಿರುತ್ತದೆ, ಆದರೆ ನೀರು ತಾಗಿದರೆ ಹರಡುತ್ತದೆ. ಭಾಗವತರು ಬದಿಯಲ್ಲಿ ರಾಗ, ತಾಳ ಗುರುತು ಹಾಕಿದ ಪುಟ ಸಿಕ್ಕರೆ ಅದನ್ನೇ ಇಡಿ. ಊರಿನ ಭಾಗವತರೊಬ್ಬರನ್ನು ಕರೆದು ದಿನಕ್ಕೊಂದು ಸಲ ಅದೇ ಪದ ಹಾಡಿಸಿದರೆ ಇನ್ನೇನು ಬೇಕು?

ಗ್ಯಾಝೆಟಿಯರ್ ಬಾಂಬೆ ಪ್ರೆಸಿಡೆನ್ಸಿ ಮಾಲೆಯ 15ನೇ ಸಂಪುಟ, ಎರಡು ಭಾಗ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಬಾಂಬೆಗೆ ಸೇರಿದ್ದರಿಂದ ನಮ್ಮ ಜಿಲ್ಲೆ ಆ ಮಾಲೆಯಲ್ಲಿ ಬಂತು. ಎರಡನೇ ಭಾಗದಲ್ಲಿ ಊರೂರಿನ ವಿವರ ಇದೆ. ಶಿರಸಿ ಬರುವ ಪುಟ ತೆರೆಯಿರಿ, ಪಕ್ಕದಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಬರೆದಿಡಿ. ಜನ ತಮ್ಮ ಊರನ್ನು ಹುಡುಕುತ್ತಾರೆ. ದಪ್ಪ ಪುಸ್ತಕ, ಬೆನ್ನು ಹಳೆಯದು. 180 ಡಿಗ್ರಿ ಬಿಡಿಸಿ ಮಲಗಿಸಿದರೆ ಹೊಲಿಗೆ ಬಿಟ್ಟುಹೋಗುತ್ತದೆ. 90ರಿಂದ 120 ಡಿಗ್ರಿ ಮಾತ್ರ ತೆರೆದು, ಎರಡೂ ರಟ್ಟಿನ ಕೆಳಗೆ ಹತ್ತಿ ಬಟ್ಟೆಯ ದಿಂಬು ಕೊಡಿ. ಆ ಕಾಲದ ಮರದ ತಿರುಳಿನ ಕಾಗದದಲ್ಲಿ ಆಮ್ಲ ಇರುತ್ತದೆ, ಅಂಚು ಕಂದಾಗಿ ಮುಟ್ಟಿದರೆ ಉದುರುತ್ತದೆ. ಸೆಲ್ಲೋಟೇಪ್ ಹಚ್ಚುವುದು, ಲ್ಯಾಮಿನೇಶನ್ ಮಾಡಿಸುವುದು ಮಾತ್ರ ಬೇಡವೇ ಬೇಡ.

ಉಳಿದ ಪುಸ್ತಕ, ಕಟ್ಟುಗಳ ಫೋಟೊವನ್ನು ಅದೇ ಅಳತೆಯಲ್ಲಿ ಮ್ಯಾಟ್ ಕಾಗದದ ಮೇಲೆ ಪ್ರಿಂಟ್ ಹಾಕಿಸಿ ಜಗುಲಿಯಲ್ಲಿ ಇಡಿ. ಅದನ್ನು ಜನ ಮುಟ್ಟಲಿ, ತಿರುವಲಿ, ಸೆಲ್ಫಿ ತೆಗೆಯಲಿ. ಅಲ್ಲೇ ಎರಡು ಹಸಿ ತಾಳೆಗರಿ, ಒಂದು ಕಂಟ ಇಟ್ಟು ಮಕ್ಕಳ ಕೈಯಲ್ಲಿ ಅವರ ಹೆಸರು ಕೊರೆಸಿ. ಯಾಣದ ಸುತ್ತಿನ ಕಾಡಿನಲ್ಲಿ ಶ್ರೀತಾಳೆ ಮರ ಇದೆ. ಹತ್ತಾರು ವರ್ಷ ಬೆಳೆದು, ಜೀವನದಲ್ಲಿ ಒಂದೇ ಸಲ ಹೂ ಬಿಟ್ಟು ಸಾಯುವ ಮರ ಅದು. ಅದರ ಗರಿ ಅಗಲ, ಮೃದು. ಕಾಡಿನ ಮರದಿಂದ ಕಡಿಯಲು ಹೋಗಬೇಡಿ. ತೋಟದಲ್ಲಿ ಬೆಳೆಸಿದವರು ಸಿಕ್ಕರೆ ಕೇಳಿ, ಇಲ್ಲದಿದ್ದರೆ ಕರಾವಳಿಯ ತಾಟಿನಿಂಗಿನ ಮರದ ಗರಿ ಸಾಕು. ಗರಿಯ ಮೇಲೆ ‘ಅ’ ಕೊರೆಯಲು ಒಬ್ಬ ಹುಡುಗನಿಗೆ ಎಷ್ಟು ಹೊತ್ತು ಬೇಕಾಗುತ್ತದೆ ಅಂತ ನೋಡಿದರೆ, ಒಳಗಿನ ಗರಿಯ ಬೆಲೆ ಅವನಿಗೇ ತಿಳಿಯುತ್ತದೆ.

ಕೈಗವಸು ಬೇಡ. ಬಟ್ಟೆಯ ಕೈಗವಸಿನಲ್ಲಿ ಸ್ಪರ್ಶ ತಿಳಿಯುವುದಿಲ್ಲ, ಗರಿಯ ಚೂಪು ಅಂಚಿಗೆ, ಕಾಗದದ ಹರುಕಿಗೆ ನೂಲು ಸಿಕ್ಕಿಕೊಳ್ಳುತ್ತದೆ. ಸೋಪು ಹಾಕಿ ಕೈ ತೊಳೆದು ಪೂರ್ತಿ ಒಣಗಿಸಿಕೊಳ್ಳಿ. ಸ್ಯಾನಿಟೈಸರ್, ಕ್ರೀಮ್, ಕೊಬ್ಬರಿ ಎಣ್ಣೆಯ ಕೈ ಆಗದು. ಕವಳ (ಎಲೆಅಡಿಕೆ) ಹಾಕುವವರು ಆ ಕೋಣೆಗೆ ಬರುವ ಮೊದಲು ಉಗುಳಿ, ಬಾಯಿ ತೊಳೆದು ಬರಲಿ. ಹಳೆಯ ಫೋಟೊ ಇದ್ದರೆ ಅದಕ್ಕೆ ಮಾತ್ರ ಕೈಗವಸು ಹಾಕಿ.

ಉದ್ಘಾಟನೆಯ ದೀಪ ಹೊರಗಿನ ಜಗುಲಿಯಲ್ಲಿ ಬೆಳಗಿಸಿ. ಗ್ರಂಥಕ್ಕೆ ಅರಿಶಿನ, ಕುಂಕುಮ, ಹೂ ಏರಿಸಬೇಕು ಅಂತ ಹಿರಿಯರು ಹೇಳುತ್ತಾರೆ. ಅವರ ಭಕ್ತಿ ದೊಡ್ಡದು, ಆ ಭಕ್ತಿಯಿಂದಲೇ ಈ ಕಟ್ಟುಗಳು ಉಳಿದಿವೆ. ಆದರೆ ಅರಿಶಿನದ ಕಲೆ ಹೋಗುವುದಿಲ್ಲ. ಕೆಂಪು ವಸ್ತ್ರ ಹಾಸಿದ ಒಂದು ವ್ಯಾಸಪೀಠದ ಮೇಲೆ ಹೊಸ ಅಚ್ಚಿನ ಪುಸ್ತಕವಿಟ್ಟು ಪೂಜೆ ಮಾಡಲಿ.

ಪರವಾನಗಿ ವಿಷಯ ಚಿಕ್ಕದು. ನಿಮ್ಮದೇ ವಸ್ತುವನ್ನು ನಿಮ್ಮದೇ ಕಟ್ಟಡದಲ್ಲಿ ತೋರಿಸಲು ಅನುಮತಿ ಬೇಕಿಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ 75 ವರ್ಷ ದಾಟಿದ, ಚಾರಿತ್ರಿಕ ಅಥವಾ ಸಾಹಿತ್ಯಿಕ ಮಹತ್ವದ ಹಸ್ತಪ್ರತಿ ಪುರಾತನ ವಸ್ತು ಆಗುತ್ತದೆ. ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಜಾತ್ರೆಯಲ್ಲಿ ಯಾರಾದರೂ ‘ಒಂದು ಗರಿ ಕೊಡಿ, ಒಳ್ಳೆ ಬೆಲೆ ಕೊಡುತ್ತೇನೆ’ ಅಂದರೆ ಕಮಿಟಿಯವರ ಉತ್ತರ ಮೊದಲೇ ಗಟ್ಟಿ ಇರಲಿ. ಬೇರೆ ಮನೆಯಿಂದ ಎರವಲು ತಂದರೆ ಗರಿ ಎಣಿಸಿ, ಫೋಟೊ ತೆಗೆದು, ಎರಡು ಪ್ರತಿ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿ.

ಜಾತ್ರೆ ಮುಗಿದ ಮಾರನೇ ದಿನ ನಾಲ್ಕನ್ನೂ ಮೊದಲಿನ ಫೋಟೊ ಎದುರಿಗಿಟ್ಟು ನೋಡಿ. ಹೊಸ ಬಿರುಕು, ಬಣ್ಣ, ಹುಳ ಏನಾದರೂ ಕಂಡರೆ ಬರೆದಿಡಿ. ಆಮೇಲೆ ಅವು ಕಪಾಟಿಗೆ ಹೋಗಲಿ. ಮುಂದಿನ ಜಾತ್ರೆಗೆ ಎರಡು ವರ್ಷ ಇದೆ, ಆಗ ಬೇರೆ ಗರಿ, ಬೇರೆ ಪುಟ ಇಡಿ. ಇದೇ ಪುಟ ಮತ್ತೆ ಬೇಡ.

ಒಂದು ಕೆಲಸ ಈ ವಾರವೇ ಮಾಡಿ. 7 ಕಟ್ಟಿನ ಮೊದಲ ಗರಿ, ಕೊನೆಯ ಗರಿ ಎರಡರ ಫೋಟೊ ತೆಗೆಯಿರಿ. ಕಿಟಕಿಯ ಹತ್ತಿರ, ಬಿಸಿಲು ನೇರ ಬೀಳದ ಕಡೆ, ಬೆಳಕು ಪಕ್ಕದಿಂದ ಬರುವ ಹಾಗೆ ಇಟ್ಟು, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ತೆಗೆಯಿರಿ. ನನಗೆ ಕಳಿಸಿ. ತಿಗಳಾರಿ ಆದರೆ ನಾನೇ ಓದಿ ಬರೆದು ಕೊಡುತ್ತೇನೆ, ನಂದಿನಾಗರಿ ಆದರೆ ಓದುವವರನ್ನು ಹುಡುಕಿಕೊಡುತ್ತೇನೆ. ಬರೆದವನ ಹೆಸರು ಸಿಕ್ಕರೆ ಅವನ ಮನೆತನದವರು ಈಗಲೂ ನಿಮ್ಮ ಸುತ್ತಿನ ಊರಲ್ಲೇ ಇರಬಹುದು. ಜಾತ್ರೆಯ ಮೊದಲ ದಿನ ಮೊದಲ 15 ಜನರಲ್ಲಿ ಅವರನ್ನು ಕರೆಯಿರಿ.